ಎರಡನೇ ಸಲಕ್ಕೆ ಬಿದ್ದ ಬೀಗ

ಮಾರ್ಚ್ 3, ಸೋಮವಾರ

ಕಂಟ್ರೋಲ್ ರೂಮಿನ ಅಕ್ಕ ಮತ್ತೆ ಬಂದಿದ್ದರು. ಒಂಬತ್ತೂಕಾಲು. ನಾನಿನ್ನೂ ಹೆಗಲ ಚೀಲ ಇಳಿಸಿರಲಿಲ್ಲ. ಕೈಯಲ್ಲಿದ್ದ ಪ್ರಿಂಟ್‌ಔಟ್ ಕಟ್ಟನ್ನು ಮೇಜಿನ ಮೇಲೆ ದೊಪ್ಪೆಂದು ಹಾಕಿದರು.

"ಇದು ಒಂದು ಗಂಟೇದು. ಬರೀ ಒಂದು ಗಂಟೇದು. ಇದರಲ್ಲಿ ನಾನು ಏನು ನೋಡ್ಬೇಕು, ನೀವೇ ಹೇಳಿ."

ಓದಿದೆ. ಬಾಗಿಲು ತೆರೆಯಿತು. ಬಾಗಿಲು ಮುಚ್ಚಿತು. ದೀಪ ಆರಿತು. ಫ್ಯಾನ್ ನಿಂತಿತು. ಫ್ಯಾನ್ ತಿರುಗಿತು... ನಮ್ಮ ಕಂಪನಿ ಕೂರಿಸಿದ ನಾನೂರು ಚಿಲ್ಲರೆ ಲಿಫ್ಟುಗಳು ಹಗಲೆಲ್ಲ ಅಕ್ಕನ ಪರದೆಯ ಮೇಲೆ ಹರಟೆ ಹೊಡೆಯುತ್ತಿವೆ. ಹರಟೆ ಹೊಡೆಯಲು ಕಲಿಸಿದವಳು ನಾನು. ಲಿಫ್ಟಿನೊಳಗಿನ ಸಾಫ್ಟ್‌ವೇರ್ ಬರೆಯುವುದೇ ನನ್ನ ಉದ್ಯೋಗ, ಇಪ್ಪತ್ತಾರು ವರ್ಷದಿಂದ. ಕಳೆದ ತಿಂಗಳು ಒಂದು ಕಡೆ ಮೋಟಾರು ಕಾದು ಹೊಗೆ ಬಂತು. ಅದರ ಎಚ್ಚರಿಕೆ ಈ ರಾಶಿಯಲ್ಲೇ ಎಲ್ಲೋ ಹೂತುಹೋಗಿತ್ತು. ಅಕ್ಕನ ಕಣ್ಣಿಗೆ ಬೀಳಲಿಲ್ಲ, ಬೈಸಿಕೊಂಡರು. ಅವರ ಸಿಟ್ಟು ನ್ಯಾಯದ್ದೇ.

ಕಡಿಮೆ ಮಾಡಿಕೊಡುತ್ತೇನೆ ಎಂದೆ. ಶಾಂತಮೂರ್ತಿಯವರಂತೂ ಕಾಯುತ್ತಲೇ ಇದ್ದರು. (ಅದು ಅವರ ಹೆಸರಲ್ಲ. ನಮ್ಮ ವಿಭಾಗದ ಮುಖ್ಯಸ್ಥರು. ಪರದೆಯಲ್ಲಿ ಒಂದು ಸಾಲು ಹೆಚ್ಚಾದರೂ ಹಣೆ ಉಜ್ಜಿಕೊಳ್ಳುತ್ತಾರೆಂದು ನಾನಿಟ್ಟದ್ದು. ಈ ನೋಟ್‌ಬುಕ್ಕಿನಲ್ಲಿ ಮಾತ್ರ.)

ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ಎಲ್ಲೋ ಒಂದು ಕಡೆ ಉಳಿದುಬಿಡುತ್ತದೆ. ಅದಕ್ಕೇ ನೋಟ್‌ಬುಕ್ಕು. ಅದಕ್ಕೇ ಪೆನ್ನು.

ಮಾರ್ಚ್ 5, ಬುಧವಾರ

ಲಿಫ್ಟಿನ ಲಾಗ್‌ನಲ್ಲಿ, ಅಂದರೆ ಯಂತ್ರದ ದಿನಚರಿಯಲ್ಲಿ, ಬರಬಹುದಾದ ಸಾಲುಗಳು ಇನ್ನೂರ ಹದಿನಾಲ್ಕು. ಒಂದೊಂದನ್ನೂ ತೆಗೆದು ನೋಡಬೇಕು. ಇದು ಸಾಮಾನ್ಯ ಲಾಗೋ, ಡೀಬಗ್ ಲಾಗೋ? ಸಾಮಾನ್ಯವಾದರೆ ದಾಖಲಾಗುತ್ತದೆ, ಹೊರಗಿನವರಿಗೆ ಕಾಣುತ್ತದೆ, ತೊಂಬತ್ತು ದಿನ ಇರುತ್ತದೆ. ಡೀಬಗ್ ಆದರೆ ಯಂತ್ರ ತನ್ನೊಳಗೇ ಗೊಣಗಿಕೊಂಡು ಮರೆಯುತ್ತದೆ. ನಾವು ಕೈಯಾರೆ ಆನ್ ಮಾಡಿ ಕಿವಿಗೊಟ್ಟರೆ ಮಾತ್ರ ಕೇಳಿಸುತ್ತದೆ.

ಶಾಂತಮೂರ್ತಿಯವರ ಸೂತ್ರ ಒಂದೇ: "ಓದಿದವನು ಎದ್ದು ಏನಾದ್ರೂ ಮಾಡ್ಬೇಕಾ? ಮಾಡ್ಬೇಕು ಅಂದ್ರೆ ಇರಲಿ. ಇಲ್ಲ ಅಂದ್ರೆ ಡೀಬಗ್."

ಒಳ್ಳೆಯ ಸೂತ್ರ. ವ್ಯಂಗ್ಯವಲ್ಲ, ನಿಜವಾಗಿಯೂ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ಕೈ ತಾನಾಗಿ ಓಡುತ್ತಿತ್ತು. ಫ್ಯಾನ್ — ಡೀಬಗ್. ದೀಪ — ಡೀಬಗ್. ಮೋಟಾರಿನ ಬಿಸಿ — ಇರಲಿ.

ಒಂದೇ ಒಂದರ ಹತ್ತಿರ ಸ್ವಲ್ಪ ನಿಂತೆ. "ಡೋರ್ ಲಾಕ್ ರೀಟ್ರೈ ಓಕೆ." ಬಾಗಿಲು ಮುಚ್ಚಿದಾಗ ಬೀಗ ಮೊದಲ ಸಲಕ್ಕೆ ಸರಿಯಾಗಿ ಬೀಳದಿದ್ದರೆ ಲಿಫ್ಟು ಹೊರಡುವುದಿಲ್ಲ. ಬಾಗಿಲನ್ನು ಚೂರು ತೆರೆದು ಮತ್ತೆ ಮುಚ್ಚುತ್ತದೆ. ಎರಡನೇ ಸಲಕ್ಕೆ ಬಿದ್ದರೆ ಈ ಸಾಲು. ಬಿತ್ತಲ್ಲ, ಓಕೆ ಎಂದು ಅದೇ ಹೇಳುತ್ತಿದೆಯಲ್ಲ. ಓದಿದವನು ಎದ್ದು ಮಾಡುವುದೇನು?

ಡೀಬಗ್.

ಸಂಜೆ ಆರಕ್ಕೆ ಮುಗಿಯಿತು. ಶಾಂತಮೂರ್ತಿ ಒಪ್ಪಿಗೆ ಒತ್ತಿದರು. ನಮ್ಮ ಕೋಣೆಗೆ ಕಿಟಕಿ ಇಲ್ಲ, ಹಿಂದೆ ಗೋದಾಮಾಗಿತ್ತಂತೆ. ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ತುಂಬಾ ಖುಷಿಯಾಯಿತು.

ಮಾರ್ಚ್ 6, ಗುರುವಾರ

ಅಮ್ಮ ಕೇಳಿದಳು, ನಿನ್ನೆ ಅಷ್ಟು ಬೀಗುತ್ತ ಬಂದೆಯಲ್ಲ, ಏನು ಮಾಡಿದೆ ಎಂದು. ವಿವರಿಸಿದೆ. ಯಂತ್ರದ ಯಾವ ಮಾತು ಎಲ್ಲರಿಗೂ ಕೇಳಿಸಬೇಕು, ಯಾವುದು ಅದರ ಬಾಯೊಳಗೇ ಇರಬೇಕು ಅಂತ ನಾನು ತೀರ್ಮಾನ ಮಾಡುವುದು.

"ಓ. ಮನೆಗೆ ಹೊಸ ಸೊಸೆ ಬಂದಾಗ ಮಾಡ್ತಿದ್ದರಲ್ಲ, ಆ ಕೆಲಸ," ಎಂದಳು.

ಅಮ್ಮನಿಗೆ ಎಪ್ಪತ್ತೆಂಟು. ಮಂಡಿ ಎರಡೂ ಸವೆದಿವೆ. ಬಾಯಿ ಸವೆದಿಲ್ಲ. ಇರುವುದು ಕಂಪನಿಯ ಕ್ವಾರ್ಟರ್ಸ್, ಆರನೇ ಮಹಡಿ. ಲಿಫ್ಟು ಕೂಡ ನಮ್ಮದೇ ಕಂಪನಿಯದು, ಮತ್ತಿನ್ನಾರದು. ಸಂಜೆ ನಾಲ್ಕಕ್ಕೆ ಸರಿಯಾಗಿ ಕೆಳಗಿಳಿದು ನರ್ಸಮ್ಮನ ಜೊತೆ ಬೆಂಚಿನ ಮೇಲೆ ಕೂರುತ್ತಾಳೆ. ನರ್ಸಮ್ಮ ನೆಲಮಹಡಿಯವರು, ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರು. ಇಬ್ಬರೂ ಸೇರಿ ಇಡೀ ಕ್ವಾರ್ಟರ್ಸಿನ ರೋಗ ಹಂಚಿಕೊಳ್ಳುತ್ತಾರೆ. ಅಮ್ಮನ ದಿನದಲ್ಲಿ ಇರುವುದೇ ಆ ಎರಡು ಗಂಟೆ.

ಮಾರ್ಚ್ 21, ಶುಕ್ರವಾರ

ಹೊಸ ಆವೃತ್ತಿ ಸೋಮವಾರವೇ ಎಲ್ಲ ಲಿಫ್ಟುಗಳಿಗೂ ಹೋಯಿತು. ಅಕ್ಕನ ಪರದೆ ಒರೆಸಿಟ್ಟ ಸ್ಲೇಟಿನ ಹಾಗಿದೆ. ಗಂಟೆಗೆ ಎಂಟೋ ಹತ್ತೋ ಸಾಲು. ಮೀಟಿಂಗಿನಲ್ಲಿ ಎಲ್ಲರೆದುರು ಬೆನ್ನು ತಟ್ಟಿಸಿಕೊಂಡೆ. ಐವತ್ತೊಂದನೇ ವಯಸ್ಸಿನಲ್ಲೂ ಅದು ಹಿಡಿಸುತ್ತದೆ, ಏನು ಮಾಡಲಿ.

ಏಪ್ರಿಲ್ 8, ಮಂಗಳವಾರ. ಮಧ್ಯಾಹ್ನ

ಮೇಸ್ತ್ರಿ ಫೋನ್ ಮಾಡಿದ್ದರು. ಲಿಫ್ಟ್ ಮೆಕ್ಯಾನಿಕ್. ನಮ್ಮಲ್ಲಿ ಎಲ್ಲರೂ ಕರೆಯುವುದು ಮೇಸ್ತ್ರಿ ಎಂದೇ. ಈ ಭಾಗದ ಮೂವತ್ತೊಂದು ಕಟ್ಟಡಗಳು ಅವರೊಬ್ಬರ ಪಾಲಿಗೆ, ನಮ್ಮ ಕ್ವಾರ್ಟರ್ಸೂ ಸೇರಿ. ಮುಖ ನೋಡಿದ್ದು ವರ್ಷಕ್ಕೊಂದು ಸಲ. ನನಗೆ ಯಾಕೆ ಫೋನ್?

"ಬೀಗ ಎಲ್ಲಾ ಸರಿಹೋದ ಹಾಗಿದೆಯಲ್ಲ ಮೇಡಂ. ನಿಮ್ಮದೇ ಕೆಲಸ ಇರ್ಬೇಕು ಅಂದ್ಕೊಂಡೆ."

ಯಾವ ಬೀಗ ಎಂದೆ.

"ಅದೇ, ರೀಟ್ರೈ ಓಕೆ ಅಂತ ಬರ್ತಿತ್ತಲ್ಲ. ದಿನಾ ಬೆಳಗ್ಗೆ ಮೊಬೈಲಲ್ಲಿ ಲಾಗ್ ತೆಗೆದು ಅದನ್ನ ಎಣಿಸ್ತೀನಿ. ಹನ್ನೊಂದು ವರ್ಷದಿಂದ. ದಿನಕ್ಕೆ ಹತ್ತು ದಾಟಿದ್ರೆ ಆ ವಾರ ಹೋಗಿ ಬೀಗದ ಕಾಂಟ್ಯಾಕ್ಟ್ ಉಜ್ಜಿ ಬರ್ತೀನಿ. ಐವತ್ತು ದಾಟಿದ್ರೆ ಅವತ್ತೇ ಹೋಗೋದು, ಊಟ ಆಮೇಲೆ. ಮೂವತ್ತೊಂದು ಕಡೆ ಒಬ್ಬನೇ ಸುತ್ತಬೇಕಲ್ಲ, ಹೀಗೆ ಮಾಡದಿದ್ರೆ ಆಗಲ್ಲ. ಈಗ ಮೂರು ವಾರದಿಂದ ಒಂದೂ ಬಂದಿಲ್ಲ. ಎಲ್ಲೂ."

ಮೂರು ವಾರ. ಹೊಸ ಆವೃತ್ತಿ ಹೋದ ದಿನದಿಂದ.

ನಾನು ಅಂದದ್ದು: "ಒಳ್ಳೇದಾಯ್ತಲ್ಲ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, "ಸರಿ ಹಾಗಾದ್ರೆ ಮೇಡಂ," ಎಂದು ಇಟ್ಟರು.

ಯಾಕೆ ಹಾಗಂದೆ? ಹೊಗಳಿಕೆ ಎಂದುಕೊಂಡು ಬಾಯಿ ತೆರೆದೆ, ಅರ್ಥವಾಗುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು. ಈಗ ತಿರುಗಿ ಫೋನ್ ಮಾಡಿ, ಇಲ್ಲ ಮೇಸ್ತ್ರಿ, ಬೀಗ ಸರಿಹೋಗಿಲ್ಲ, ನಾನು ಬಾಯಿ ಮುಚ್ಚಿಸಿದ್ದೇನೆ ಅನ್ನುವುದೇ? ನಾಳೆ ಮಾಡುತ್ತೇನೆ. ಹೇಗೂ ಮುಂದಿನ ಆವೃತ್ತಿ ಜೂನ್‌ನಲ್ಲಿದೆ. ಪಟ್ಟಿಗೆ ಒಂದು ಕೆಲಸ ಸೇರಿಸಿದೆ: "ಕೆಲವು ಲಾಗ್ ಸಾಲುಗಳ ಮರುಪರಿಶೀಲನೆ." ಯಾವ ಸಾಲು ಎಂದು ಬರೆಯಲಿಲ್ಲ.

ಏಪ್ರಿಲ್ 10, ಗುರುವಾರ

ಮಾಡಲಿಲ್ಲ. ದಿನವಿಡೀ ಮೀಟಿಂಗು. ನಾಳೆ.

ಏಪ್ರಿಲ್ 28, ಸೋಮವಾರ

ನಿನ್ನೆ, ಭಾನುವಾರ, ಹನ್ನೊಂದರ ಹೊತ್ತಿಗೆ. ಐದು ಮಹಡಿಯ ಹಳೆಯ ಕಟ್ಟಡ. ಬಟ್ಟೆ ಹೊಲಿಯುವ ಹೆಂಗಸು ನಾಲ್ಕನೇ ಮಹಡಿಗೆ ಬಟ್ಟೆ ಕೊಟ್ಟು ಇಳಿಯುತ್ತಿದ್ದರು. ನಡುವೆ ಲಿಫ್ಟು ನಿಂತಿತು. ಒಬ್ಬರೇ ಇದ್ದರು. ಒಳಗಿನ ಎಚ್ಚರಿಕೆ ಗುಂಡಿ ಒತ್ತಿದರು, ಅಕ್ಕನ ಕಡೆಯವರು ಮೇಸ್ತ್ರಿಯನ್ನು ಕಳಿಸಿದರು, ಮೇಸ್ತ್ರಿ ಊರಿನ ಆ ತುದಿಯಲ್ಲಿದ್ದರು. ಐವತ್ತು ನಿಮಿಷ ಕಾದು ಹೆಂಗಸಿಗೆ ಉಸಿರು ಕಟ್ಟಿದಂತಾಗಿ ಕೈಯಿಂದಲೇ ಬಾಗಿಲು ಸರಿಸಿದ್ದಾರೆ. ಸರಿದಿದೆ. ಬೀಗ ಹಿಡಿದೇ ಇರಲಿಲ್ಲ. ಕೆಳಗಿನ ಮಹಡಿಯ ನೆಲಕ್ಕೆ ಜಿಗಿದಿದ್ದಾರೆ.

ಬಲಗಾಲು, ಹಿಮ್ಮಡಿಯ ಹತ್ತಿರ ಎರಡು ಕಡೆ ಮುರಿದಿದೆ. ಹೊಲಿಗೆ ಮಷೀನು ತುಳಿಯುವ ಕಾಲು.

ಬೀಗ ಬಿದ್ದಿದೆಯೆಂದು ಲಿಫ್ಟಿಗೆ ತಿಳಿಸುವುದು ಅದರ ಕಾಂಟ್ಯಾಕ್ಟ್, ಲೋಹದ ಪುಟ್ಟ ತುಂಡು; ತಾಗುವುದು ತಪ್ಪಿದರೆ ಲಿಫ್ಟು ಇದ್ದಲ್ಲೇ ನಿಲ್ಲುತ್ತದೆ. ಅದು ಸವೆದು ಕಪ್ಪಾಗಿತ್ತಂತೆ. ಒಂದೇ ದಿನದಲ್ಲಿ ಹಾಗಾಗುವುದಿಲ್ಲ. ಎಷ್ಟು ದಿನದಿಂದ ಅದು ಎರಡೆರಡು ಸಲ ಪ್ರಯತ್ನಿಸುತ್ತಿತ್ತೋ. ಪ್ರತಿ ಸಲವೂ ಲಿಫ್ಟು ಹೇಳುತ್ತಿತ್ತು. ಯಾರಿಗೂ ಕೇಳಿಸದ ಹಾಗೆ ಹೇಳುತ್ತಿತ್ತು.

ಊಟ ಸೇರಲಿಲ್ಲ. ತಲೆನೋವು ಎಂದು ಅಮ್ಮನಿಗೆ ಹೇಳಿದೆ.

ಏಪ್ರಿಲ್ 30, ಬುಧವಾರ

ವಿಚಾರಣೆ. ಗಾಜಿನ ಮೀಟಿಂಗ್ ಕೋಣೆ. ಒಳಗಿದ್ದವರು ಹೊರಗಿನವರಿಗೆಲ್ಲ ಕಾಣುತ್ತಾರೆ, ಮಾತು ಮಾತ್ರ ಕೇಳುವುದಿಲ್ಲ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಕುರ್ಚಿಯ ತುದಿಯಲ್ಲಿ ಕೂತರು. ಬಟನ್ನು ಕುತ್ತಿಗೆಯವರೆಗೆ ಹಾಕಿದ್ದರು.

ಸಿಬ್ಬಂದಿ ವಿಭಾಗದವರು ತಿಂಗಳ ತಪಾಸಣೆಯ ಹಾಳೆ ತೋರಿಸಿದರು. ಆ ಕಟ್ಟಡದ ಮುಂದೆ ಏಪ್ರಿಲ್‌ಗೆ ಟಿಕ್ ಇದೆ, ಮೇಸ್ತ್ರಿಯ ಸಹಿ ಇದೆ. ಹೋಗಿದ್ದಿರಾ ಎಂದು ಕೇಳಿದರು.

"ಇಲ್ಲ ಸರ್. ಸುಳ್ಳು ಹೇಳಲ್ಲ. ಹೋಗಿರಲಿಲ್ಲ."

"ಮತ್ತೆ ಟಿಕ್ ಹಾಕಿದ್ದು?"

"ಲಾಗ್ ನೋಡಿದ್ದೆ. ಬೀಗದ್ದು ಏನೂ ಇರಲಿಲ್ಲ. ಇಲ್ಲದೆ ಇದ್ದ ಕಡೆ ಟಿಕ್ ಹಾಕಿ, ಇದ್ದ ಕಡೆ ಹೋಗ್ತೀನಿ. ಮೊದಲಿಂದ ಹಾಗೇ."

ಲಾಗ್ ನೋಡಿ ತಪಾಸಣೆ ಮಾಡು ಎಂದು ನಿಮಗೆ ಹೇಳಿದವರು ಯಾರು ಎಂದರು ಸಿಬ್ಬಂದಿ ವಿಭಾಗದವರು. ಯಾರೂ ಹೇಳಿರಲಿಲ್ಲ. ಅದು ಅವರೇ ಕಂಡುಕೊಂಡ ದಾರಿ. ಯಾವ ಪುಸ್ತಕದಲ್ಲೂ ಇಲ್ಲ. ಹನ್ನೊಂದು ವರ್ಷ ಒಂದು ಲಿಫ್ಟೂ ನಡುವೆ ನಿಂತಿರಲಿಲ್ಲ ಎನ್ನುವುದೂ ಯಾವ ಪುಸ್ತಕದಲ್ಲೂ ಇಲ್ಲ.

ನಾನು ಅವರಿಂದ ಮೂರನೇ ಕುರ್ಚಿಯಲ್ಲಿ. ಫೋನಿನ ವಿಷಯ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ನೀರಿನ ಲೋಟ ಹಿಡಿದುಕೊಂಡೇ ಕೂತಿದ್ದೆ. ಎತ್ತಲಿಲ್ಲ. ಒಂದೇ ಸಲ ನನ್ನ ಕಡೆ ನೋಡಿದರು. ನಾನು ಲೋಟ ನೋಡಿದೆ.

ಮರೆತಿರಬೇಕು. ಮರೆತಿರಲಿ ಎಂದು ಬೇಡಿಕೊಂಡೆ. ಹೀಗೆ ಬೇಡಿಕೊಂಡವಳು ನಾನೇ.

ಮೇ 2, ಶುಕ್ರವಾರ

ಶಾಂತಮೂರ್ತಿ ಕರೆದು ಬಾಗಿಲು ಹಾಕಿದರು. ಮಾರ್ಚ್‌ನ ಬದಲಾವಣೆ ಅವರಿಗೆ ನೆನಪಿದೆ. ಒಪ್ಪಿಗೆ ಕೊಟ್ಟವರೇ ಅವರಲ್ಲವೇ. ಮುಖ ಇಳಿದಿತ್ತು. ಅವರು ಕೆಟ್ಟ ಮನುಷ್ಯರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

"ಒಂದೇ ಪ್ರಶ್ನೆ ಕೇಳ್ತೀನಿ. ಆ ಸಾಲನ್ನ ಯಾರೋ ಓದ್ತಿದ್ದಾರೆ, ಅದನ್ನ ನಂಬ್ಕೊಂಡಿದ್ದಾರೆ ಅಂತ ನಿಮಗೆ ಗೊತ್ತಿತ್ತಾ? ಮೊದಲೋ, ಆಮೇಲೋ, ಯಾವಾಗಾದ್ರೂ?"

"ಇಲ್ಲ."

ಎಷ್ಟು ಸಲೀಸಾಗಿ ಬಂತು. ಒಂದೇ ಸಲಕ್ಕೆ.

ಅವರು ನಿಟ್ಟುಸಿರು ಬಿಟ್ಟರು. "ಹಾಗಾದ್ರೆ ನಮ್ಮದು ಸರಿ ಇದೆ. ಸೂತ್ರದ ಪ್ರಕಾರ ಮಾಡಿದ್ದೀವಿ." ಒಂದು ಹಾಳೆ ಮುಂದಿಟ್ಟರು. ಒಂದೇ ವಾಕ್ಯ: ಅಪಘಾತದ ಹಿಂದಿನ ನಲವತ್ತು ದಿನಗಳಲ್ಲಿ ಸದರಿ ಲಿಫ್ಟಿನ ಲಾಗ್‌ನಲ್ಲಿ ಬಾಗಿಲ ಬೀಗಕ್ಕೆ ಸಂಬಂಧಿಸಿದ ಯಾವ ಸಂದೇಶವೂ ದಾಖಲಾಗಿಲ್ಲ; ಸಾಫ್ಟ್‌ವೇರ್ ವಿನ್ಯಾಸದಂತೆಯೇ ಕೆಲಸ ಮಾಡಿದೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

ಹತ್ತು ಸಲ ಓದಿದೆ. ಒಂದಕ್ಷರ ಸುಳ್ಳಿಲ್ಲ.

ಸೋಮವಾರದೊಳಗೆ ಬೇಕಂತೆ.

ಮೇ 3, ಶನಿವಾರ

ಬೆಳಗ್ಗೆ ಹಾಲು ತರಲು ಹೋದವಳು ಲಿಫ್ಟಿನ ಮುಂದೆ ನಿಂತೆ. ಬಾಗಿಲು ತೆರೆಯಿತು. ಒಳಗೆ ಕಾಲಿಡಲು ಆಗಲಿಲ್ಲ. ಇದೂ ಅದೇ ಮಾದರಿ, ಅದೇ ಸಾಫ್ಟ್‌ವೇರು, ಅದೇ ಮೇಸ್ತ್ರಿಯ ಟಿಕ್. ಮೆಟ್ಟಿಲಿಳಿದೆ. ಹತ್ತಿದೆ. ಆರು ಮಹಡಿ, ನೂರ ಎಂಟು ಮೆಟ್ಟಿಲು.

ಅಮ್ಮನಿಗೆ ಲಿಫ್ಟು ರಿಪೇರಿಯಲ್ಲಿದೆ ಎಂದೆ. ನಾಲ್ಕಕ್ಕೆ ಹೋಗುವಂತಿಲ್ಲ.

"ಎಷ್ಟು ದಿನ?"

"ಗೊತ್ತಿಲ್ಲ."

ಅಮ್ಮ ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಳು. ನರ್ಸಮ್ಮ ಬೆಂಚಿನ ಅರ್ಧ ಖಾಲಿ ಬಿಟ್ಟು ಕೂತಿದ್ದರು.

ಮೇ 4, ಭಾನುವಾರ

ಹೇಳಿದರೆ ಏನಾಗುತ್ತದೆ? ಬರೆದು ನೋಡುತ್ತೇನೆ. ಕೆಲಸ ಹೋಗುತ್ತದೆ. ಬರೀ ತಪ್ಪಾಗಿದ್ದರೆ ಹೋಗುತ್ತಿರಲಿಲ್ಲ, ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಹೋಗುತ್ತದೆ. ಕೆಲಸದ ಜೊತೆ ಈ ಮನೆ. ಈ ಮಂಡಿಗಳನ್ನು ಕಟ್ಟಿಕೊಂಡು ಅಮ್ಮ ಎಲ್ಲಿಗೆ? ಐವತ್ತೊಂದರ ನನ್ನನ್ನು ಯಾರು ಕರೆದು ಕೂರಿಸುತ್ತಾರೆ?

ಹೇಳದಿದ್ದರೆ? ಮೇಸ್ತ್ರಿ ಹೋಗುತ್ತಾರೆ. ನಿವೃತ್ತಿಗೆ ಎರಡು ವರ್ಷ ಇದೆಯಂತೆ.

ಎರಡೂ ಕಡೆ ಗೋಡೆ. ನಡುವೆ ಕೂತು ಬರೆಯುತ್ತಿದ್ದೇನೆ. ಅಮ್ಮ ಒಳಗಿಂದ ಮೂರನೇ ಸಲ ಕೇಳುತ್ತಿದ್ದಾಳೆ, ಯಾರಾದರೂ ಬಂದರಾ ರಿಪೇರಿಗೆ ಎಂದು.

ಮೇ 5, ಸೋಮವಾರ

ಸಹಿ ಹಾಕಿದೆ.

ಮೇ 6, ಮಂಗಳವಾರ

ಮೇಸ್ತ್ರಿಯನ್ನು ಅಮಾನತು ಮಾಡಿದ್ದಾರೆ. ಬೀಗದ ಕೈಗೊಂಚಲು, ಗುರುತಿನ ಚೀಟಿ ಎರಡನ್ನೂ ತೆಗೆದುಕೊಂಡರಂತೆ. ಅವರ ಜಾಗಕ್ಕೆ ಯಾರೂ ಬಂದಿಲ್ಲ. ಮೂವತ್ತೊಂದು ಕಟ್ಟಡ ಹಾಗೇ ಇವೆ.

ಮನೆಗೆ ಬಂದರೆ ಅಮ್ಮ ಇಲ್ಲ. ಬಾಲ್ಕನಿಯಿಂದ ನೋಡಿದರೆ ಬೆಂಚಿನ ಮೇಲೆ ಕೂತಿದ್ದಾಳೆ. ಕೈ ಬೇರೆ ಬೀಸಿದಳು.

"ನನಗೆ ಮಂಡಿ ಇಲ್ಲ, ಕಿವಿ ಇದೆ," ಎಂದಳು ಮೇಲೆ ಬಂದ ಮೇಲೆ. "ಮೂರು ದಿನದಿಂದ ಲಿಫ್ಟು ಟಿಂಗ್ ಟಿಂಗ್ ಅಂತ ಓಡಾಡ್ತಿದೆ. ಐದನೇ ಮಹಡಿಯವರು ಸೋಫಾ ತಂದ್ರು ಅದರಲ್ಲಿ. ನನ್ನ ಯಾಕೆ ಕೂಡಿ ಹಾಕ್ದೆ?"

ಹೆಗಲ ಚೀಲ ತೆಗೆದು ಮೊಳೆಗೆ ಸಿಕ್ಕಿಸಿದೆ.

"ನಿನಗೆ ಹೇಳೋಕೆ ಆಗದೇ ಇರೋದು ಏನೋ ಇದೆ. ಇರಲಿ. ಆದರೆ ನಾನು ನಾಲ್ಕಕ್ಕೆ ಹೋಗೋಳೇ."

ಮೇ 7, ಬುಧವಾರ

ಆಫೀಸಿನಿಂದ ನಮ್ಮ ಕ್ವಾರ್ಟರ್ಸಿನ ಲಿಫ್ಟಿನದೊಂದೇ ಡೀಬಗ್ ಆನ್ ಮಾಡಿದೆ. ಪರೀಕ್ಷೆ ಎಂಬ ಹೆಸರಿನಲ್ಲಿ. ಹಾಗೆ ಮಾಡುವ ಅಧಿಕಾರ ನನಗಿದೆ. ನಾಳೆ ಬೆಳಗ್ಗೆಯಿಂದ ಎಣಿಸುತ್ತೇನೆ. ಮೇಸ್ತ್ರಿ ಎಣಿಸುತ್ತಿದ್ದ ಹಾಗೆ. ಒಂದೋ ಎರಡೋ ಬಂದರೆ ಕನಿಷ್ಠ ಅಮ್ಮನ ವಿಷಯದಲ್ಲಾದರೂ ಉಸಿರು ಬಿಡಬಹುದು.

ಮೇ 8, ಗುರುವಾರ. 10.15

ಹದಿನಾಲ್ಕು. ಹತ್ತು ದಾಟಿದೆ. ಅಂದರೆ ಈ ವಾರ ಹೋಗಬೇಕು. ಹೋಗುವವರು ಯಾರು?

1.05

ಮೂವತ್ಮೂರು. ಜನ ಓಡಾಡಿದಷ್ಟೂ ಏರುತ್ತಿದೆ. ಈ ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬರೆಯುತ್ತಿದ್ದೇನೆ, ಶಾಲೆಯ ಹುಡುಗಿಯ ಹಾಗೆ. ಲಿಫ್ಟು ನಿಲ್ಲಿಸಲು ಕಂಟ್ರೋಲ್ ರೂಮಿಗೆ ಹೇಳಬೇಕು. ಹೇಳಿದರೆ ನಿಮಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಅಲ್ಲಿಗೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಬೇರೆ ಏನಾದರೂ ಕಾರಣ ಹುಡುಕಬೇಕು... ಇಲಿ? ನೀರು ಸೋರಿಕೆ? ಥೂ.

3.40

ಅರವತ್ತೊಂದು. ಐವತ್ತು ದಾಟಿದ್ರೆ ಅವತ್ತೇ, ಊಟ ಆಮೇಲೆ. ಇನ್ನಿಪ್ಪತ್ತು ನಿಮಿಷಕ್ಕೆ ನಾಲ್ಕು. ಅಮ್ಮನ ಮೊಬೈಲು ಹೊಡೆದುಕೊಳ್ಳುತ್ತಿದೆ, ಎತ್ತುತ್ತಿಲ್ಲ. ಚಾರ್ಜಿಗೆ ಹಾಕಿ ಬಾತ್‌ರೂಮಿಗೆ

ಸಂಜೆ 5.30. ಕ್ವಾರ್ಟರ್ಸ್, ನಾಲ್ಕನೇ ಮಹಡಿಯ ಮೆಟ್ಟಿಲ ಮೇಲೆ

ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ. ಮಂಡಿಗೆ ಸ್ವಲ್ಪ ಹೊತ್ತು ಕೊಡಬೇಕು. ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೆ ಅನುಕೂಲವಾಗುವಂತೆ ನೆನಪಾಗುತ್ತದೆ.

ಮೇಜಿನ ಫೋನಿನಿಂದಲೇ ಕಂಟ್ರೋಲ್ ರೂಮಿಗೆ ಮಾಡಿದೆ. ಅಕ್ಕನೇ ಎತ್ತಿದರು. ನಮ್ಮ ಕ್ವಾರ್ಟರ್ಸಿನ ಲಿಫ್ಟು ತಕ್ಷಣ ನಿಲ್ಲಿಸಿ ಎಂದೆ.

"ಕಾರಣ ಏನು ಅಂತ ಬರೀಲಿ? ನನ್ನ ಪರದೇಲಿ ಏನೂ ಇಲ್ಲ."

"ಬಾಗಿಲ ಬೀಗ. ಬೆಳಗ್ಗೆಯಿಂದ ಅರವತ್ತೊಂದು ಸಲ ಮೊದಲ ಪ್ರಯತ್ನಕ್ಕೆ ಬಿದ್ದಿಲ್ಲ."

"ಒಂದೂ ಕಾಣ್ತಿಲ್ವಲ್ಲ ನನಗೆ."

"ಕಾಣಲ್ಲ. ಮಾರ್ಚ್ ಐದನೇ ತಾರೀಕು ಆ ಸಾಲನ್ನ ನಾನು ಡೀಬಗ್‌ಗೆ ಹಾಕಿದೆ. ಎಲ್ಲಾ ಲಿಫ್ಟಲ್ಲೂ. ಆ ಹೊಲಿಗೆಯವರ ಕಟ್ಟಡದಲ್ಲೂ. ಮೇಸ್ತ್ರಿ ನೋಡ್ತಿದ್ದ ಸಾಲು ಅದೇ. ಅವರಿಗೆ ಕಾಣದ ಹಾಗೆ ಮಾಡಿದ್ದು ನಾನು."

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು. ನಮ್ಮ ಕೋಣೆಯಲ್ಲೂ ನಿಂತಿತು. ಎಲ್ಲರೂ ತಿರುಗಿ ನೋಡುತ್ತಿದ್ದರು. ಶಾಂತಮೂರ್ತಿ ತಮ್ಮ ಕ್ಯಾಬಿನ್ನಿನ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ.

"ಈ ಫೋನ್ ರೆಕಾರ್ಡ್ ಆಗುತ್ತೆ, ಗೊತ್ತಲ್ಲ," ಎಂದರು ಅಕ್ಕ, ಮೆತ್ತಗೆ. "ಇದನ್ನೂ ಬರ್ಕೊಳ್ಳಲಾ?"

"ಬರ್ಕೊಳ್ಳಿ. ಮೊದಲು ನಿಲ್ಸಿ."

ನಿಲ್ಲಿಸಿದರು. ಹಾಗೆ ನಿಲ್ಲಿಸಿದರೆ ಲಿಫ್ಟು ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆದು ನಿಂತುಬಿಡುತ್ತದೆ. ನಾನು ಬರೆದ ಸಾಫ್ಟ್‌ವೇರಿನಲ್ಲಿ ಅದೊಂದು ಭಾಗ ಚೆನ್ನಾಗಿದೆ. ಚೀಲ ತೆಗೆದುಕೊಂಡು ಹೊರಟೆ. ಶಾಂತಮೂರ್ತಿ ಏನೋ ಅಂದರು, ಕೇಳಿಸಲಿಲ್ಲ. ರಸ್ತೆಯಲ್ಲಿ ಹತ್ತು ನಿಮಿಷದ ದಾರಿ. ಓಡಿದೆ, ಎಷ್ಟೋ ವರ್ಷದ ಮೇಲೆ.

ಬೆಂಚಿನ ಮೇಲೆ ನರ್ಸಮ್ಮ ಒಬ್ಬರೇ.

ಮೆಟ್ಟಿಲು. ಒಂದು, ಎರಡು, ಮೂರು. ನಾಲ್ಕನೇ ಮಹಡಿಯಲ್ಲಿ ಲಿಫ್ಟು ಬಾಗಿಲು ತೆರೆದು ನಿಂತಿತ್ತು, ಒಳಗೆ ದೀಪ ಉರಿಯುತ್ತಿತ್ತು. ಎದುರಿನ ಮೆಟ್ಟಿಲ ಮೇಲೆ ಅಮ್ಮ, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು, ಬಸ್ಸಿಗೆ ಕಾಯುವವರ ಹಾಗೆ ಕೂತಿದ್ದಳು. ನನಗೆ ಅಳು ಬಂತು. ಅತ್ತುಬಿಟ್ಟೆ.

"ಇಳಿಸಿ ಸುಮ್ಮನೆ ನಿಂತ್ಕೊಂಡುಬಿಡ್ತು," ಎಂದಳು ಲಿಫ್ಟಿನ ಕಡೆ ಕೈ ತೋರಿಸಿ. "ನಿಂದೇ ಕೆಲಸಾನಾ?"

"ಹೂಂ."

"ನಿಲ್ಲಿಸಿದ್ದಾ, ಕೆಡಿಸಿದ್ದಾ?"

"ಎರಡೂ."

ಎಲ್ಲ ಹೇಳಿದೆ. ಹೊಲಿಗೆಯವರ ಕಾಲು, ಮೇಸ್ತ್ರಿಯ ಅಂಗಿ, ಹಾಳೆ, ಸಹಿ. ಈ ಮನೆ ಬಿಡಬೇಕಾಗಬಹುದು ಎಂಬುದನ್ನೂ. ಅಮ್ಮ ನಡುವೆ ಬಾಯಿ ಹಾಕಲಿಲ್ಲ, ಅದೇ ಒಂದು ಹೆದರಿಕೆ. ಕೊನೆಗೆ ಒಂದೇ ಕೇಳಿದಳು.

"ಆ ಸಾಲನ್ನ ಯಾರೂ ಓದಲ್ಲ ಅಂತ ನಿನಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ."

"ಕೇಳಿದ್ಯಾ?"

"ಇಲ್ಲ."

ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ. ಓದಿದವನು ಏನು ಮಾಡುತ್ತಾನೆ ಎಂಬ ಪ್ರಶ್ನೆಗೆ, ಓದುವವನ ಪರವಾಗಿ ನಾನೇ ಉತ್ತರ ಕೊಟ್ಟುಕೊಂಡು ಬಂದಿದ್ದೇನೆ.

ಅಲ್ಲೇ ಕೂತು ಮೇಸ್ತ್ರಿಗೆ ಫೋನ್ ಮಾಡಿದೆ. ನಾನು ಯಾರೆಂದು ಹೇಳುವ ಮೊದಲೇ, "ಹೇಳಿ ಮೇಡಂ," ಎಂದರು. ಕ್ವಾರ್ಟರ್ಸಿನ ಲಿಫ್ಟು ನಿಲ್ಲಿಸಿದ್ದೇನೆ ಎಂದೆ.

"ಎಷ್ಟು ಬಂತು?"

"ಅರವತ್ತೊಂದು."

"ಹಾಗಾದ್ರೆ ಇವತ್ತೇ ಹೋಗ್ಬೇಕಿತ್ತು." ಆಮೇಲೆ, "ಕೈಗೊಂಚಲು ನನ್ನ ಹತ್ರ ಇಲ್ಲ ಮೇಡಂ. ತಗೊಂಡುಬಿಟ್ರು."

ಮಾರ್ಚ್‌ನದ್ದು ಹೇಳಿದೆ, ಕ್ಷಮೆ ಕೇಳಿದೆ.

"ಮೂವತ್ತೊಂದು ಲಿಫ್ಟು ಒಂದೇ ದಿನ ಸರಿಹೋಗಲ್ಲ ಮೇಡಂ. ಅಷ್ಟು ನನಗೂ ಗೊತ್ತಾಗುತ್ತೆ. ಅನುಮಾನ ಬಂದೇ ಅವತ್ತು ನಿಮಗೆ ಫೋನ್ ಮಾಡಿದ್ದು. ದೊಡ್ಡ ಓದು ಓದಿದವರು, ನೇರವಾಗಿ ಏನು ಮಾಡಿದ್ರಿ ಅಂತ ಹೇಗೆ ಕೇಳೋದು, ಸುತ್ತಿ ಬಳಸಿ ಕೇಳಿದೆ. ಒಳ್ಳೇದಾಯ್ತಲ್ಲ ಅಂದ್ರಿ. ನೀವೇ ಅಂದ ಮೇಲೆ ನಂಬಿದೆ. ಟಿಕ್ ಹಾಕಿದೆ."

ಹೊಗಳಲು ಮಾಡಿದ್ದಲ್ಲ. ಕೇಳಲು ಮಾಡಿದ್ದು. ಆ ಸುಮ್ಮನಿದ್ದ ಹೊತ್ತಿನಲ್ಲಿ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ವಿಚಾರಣೆಯಲ್ಲಿ ಇದನ್ನು ಯಾಕೆ ಹೇಳಲಿಲ್ಲ ಎಂದೆ.

"ಮೂರನೇ ಕುರ್ಚೀಲಿ ಕೂತಿದ್ರಲ್ಲ. ನೀವೇ ಹೇಳ್ತೀರಿ ಅಂದ್ಕೊಂಡೆ."

ಇಟ್ಟರು.

ಈಗ ಶಾಂತಮೂರ್ತಿಯ ಫೋನು. ಇದು ನಾಲ್ಕನೇ ಸಲ, ಮೆಟ್ಟಿಲ ಮೇಲೆ ಗುಂಯ್ ಎಂದು ತಿರುಗುತ್ತಿದೆ. ಕಂಟ್ರೋಲ್ ರೂಮಿಗೆ ಮಾರ್ಚ್ ಐದು ಹೇಳಿದೆ. ಗೊತ್ತಿಲ್ಲದೆ ಆದ ತಪ್ಪು, ಹೇಳಲು ಅಷ್ಟೇನೂ ಕಷ್ಟವಲ್ಲ. ಏಪ್ರಿಲ್ ಎಂಟು ಹೇಳಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಮೇಸ್ತ್ರಿಯ ದನಿ ದೊಡ್ಡದು, ಈಗ ಅವಳಿಗೂ ಕೇಳಿಸಿದೆ.

"ಎತ್ತು," ಎನ್ನುತ್ತಿದ್ದಾಳೆ. "ನಾನು ಎಲ್ಲಿಗೂ ಹೋಗಲ್ಲ. ಹೋಗೋಕೆ ಆಗಬೇಕಲ್ಲ."

ಎತ್ತುತ್ತೇನೆ. ಅವರು ಏನೇ ಕೇಳಲಿ, ಮೊದಲು ಇದೇ. ಸರ್, ಅವತ್ತು ನೀವು ಕೇಳಿದ್ದಕ್ಕೆ ನಾನು ಇಲ್ಲ ಅಂದೆ. ಗೊತ್ತಿತ್ತು. ಏಪ್ರಿಲ್ ಎಂಟನೇ ತಾರೀಕು ಮಧ್ಯಾಹ್ನ ಮೇಸ್ತ್ರಿ ಫೋನ್ ಮಾಡಿದ್ದರು, ನಾನು ಅವರಿಗೆ